ಪ್ಲಾಸ್ಟಿಕ್ ಹಾಯಿದೋಣಿಯ ಗೀರಿಗೆ ಯಾವ ಸಾಮಾನು ಕೊಳ್ಳಬೇಕು, ಯಾವುದು ಬೇಡ

ಪ್ಲಾಸ್ಟಿಕ್ ಹಾಯಿದೋಣಿಯ ತಳದಲ್ಲಿ ಗೀರು ಕಂಡ ಕೂಡಲೇ ಹೆಚ್ಚಿನವರ ಕೈ ಪಾಲಿಶ್ ಡಬ್ಬಿಗೆ ಹೋಗುತ್ತದೆ. ಕಾರಿನ ಗೀರಿಗೆ ಆದದ್ದು ದೋಣಿಗೂ ಆದೀತು ಎಂಬ ಲೆಕ್ಕ. ಆಗುವುದಿಲ್ಲ. ಈ ಕೆಲಸಕ್ಕೆಂದು ಜನ ಕೊಳ್ಳುವ ಏಳು ಸಾಮಾನುಗಳನ್ನು ಇಲ್ಲಿ ತೂಗಿ ನೋಡಿದ್ದೇವೆ: ಹೆರೆಯುವ ಉಕ್ಕಿನ ತಗಡು, ಹೀಟ್ ಗನ್, ಪ್ಲಾಸ್ಟಿಕ್ ವೆಲ್ಡಿಂಗ್ ರಾಡ್, ವಾಟರ್ ಪೇಪರ್, ಪಾಲಿಶ್, ಎಪಾಕ್ಸಿ (ಎರಡು ಭಾಗ ಕಲಸಿ ಹಚ್ಚುವ ಅಂಟು), ಬಿಸಿಲು ತಡೆಯುವ ಸ್ಪ್ರೇ. ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಹತ್ತರಲ್ಲಿ ಎಂಟು ಗೀರಿಗೆ ಉಕ್ಕಿನ ತಗಡೊಂದೇ ಸಾಕು. ಒಂದಕ್ಕೆ ಬಿಸಿಗಾಳಿ ಬೇಕು. ಇನ್ನೊಂದಕ್ಕೆ ರಾಡ್ ಹಿಡಿಯಬೇಕು. ಉಳಿದ ಸಾಮಾನುಗಳಲ್ಲಿ ಕೆಲವು ದುಡ್ಡು ದಂಡ, ಕೆಲವು ದೋಣಿಯನ್ನೇ ಕೆಡಿಸುತ್ತವೆ.

ಯಾವುದನ್ನೂ ಕೊಳ್ಳುವ ಮೊದಲು ದೋಣಿ ಯಾವುದರಿಂದ ಆದದ್ದು ಎಂದು ತಿಳಿದುಕೊಳ್ಳಿ. ಮಕ್ಕಳಿಗೆ, ಕಲಿಯುವವರಿಗೆ ಕೊಡುವ ಆರ್‌ಎಸ್ ಫೀವಾ, ಲೇಸರ್ ಪಿಕೊ, ಎರಡು ಒಡಲಿನ ಹೋಬಿ ವೇವ್ ಇವೆಲ್ಲ ಪಾಲಿಎಥಿಲೀನ್ ದೋಣಿಗಳು. ಲೋಹದ ಅಚ್ಚಿನೊಳಗೆ ಪ್ಲಾಸ್ಟಿಕ್ ಪುಡಿ ಸುರಿದು, ಒಲೆಯಲ್ಲಿ ತಿರುಗಿಸುತ್ತ ಕರಗಿಸಿ ಇವುಗಳನ್ನು ಮಾಡುತ್ತಾರೆ. ನಮ್ಮ ತಾರಸಿಯ ಮೇಲಿನ ಕಪ್ಪು ನೀರಿನ ಟ್ಯಾಂಕ್ ಹುಟ್ಟುವುದೂ ಹೀಗೆಯೇ. ಸಾಲಿಗ್ರಾಮದ ಹಿನ್ನೀರಿನಲ್ಲಿ ಕಾಣುವಂಥ ಪ್ಲಾಸ್ಟಿಕ್ ಕಯಾಕ್‌ಗಳೂ ಸಾಮಾನ್ಯವಾಗಿ ಇದೇ ಜಾತಿಯವು. ಆದ್ದರಿಂದ ಇಲ್ಲಿ ಹೇಳಿದ್ದರಲ್ಲಿ ಬಹುಪಾಲು ಕಯಾಕಿಗೂ ಸಲ್ಲುತ್ತದೆ. ಫೀವಾದಲ್ಲಿ ಒಂದು ವಿಶೇಷವಿದೆ. ಅದರ ಗೋಡೆ ಮೂರು ಪದರದ್ದು: ಹೊರಗೂ ಒಳಗೂ ಗಟ್ಟಿ ಪಾಲಿಎಥಿಲೀನ್, ನಡುವೆ ಅದರದೇ ನೊರೆ. 3.64 ಮೀಟರ್ ಉದ್ದದ ಒಡಲು ಸುಮಾರು 63 ಕಿಲೋ ತೂಕದಲ್ಲೇ ಗಟ್ಟಿಯಾಗಿ ನಿಲ್ಲುವುದು ಈ ನಡುವಿನ ನೊರೆಯಿಂದ. ಬಿಸಿ ಕೊಡುವಾಗ ಎಚ್ಚರ ತಪ್ಪಿದರೆ ಮೊದಲು ಕೆಡುವುದೂ ಆ ನೊರೆಯೇ.

ಟಾಪರ್ ಬೇರೆ ಜಾತಿ. ಇಯಾನ್ ಪ್ರಾಕ್ಟರ್ ವಿನ್ಯಾಸ ಮಾಡಿದ ಈ 3.40 ಮೀಟರ್ ದೋಣಿ ಪಾಲಿಪ್ರೊಪಿಲೀನಿನದು. ಮೇಲ್ಭಾಗ ಮತ್ತು ತಳವನ್ನು ಬೇರೆ ಬೇರೆ ಅಚ್ಚಿನಲ್ಲಿ ಎರೆದು, ಆಮೇಲೆ ಅಂಚಿನಲ್ಲಿ ಬೆಸೆದಿರುತ್ತಾರೆ. ಪಾಲಿಎಥಿಲೀನ್ ಸುಮಾರು 125ರಿಂದ 130 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಪಾಲಿಪ್ರೊಪಿಲೀನಿಗೆ 160ರ ಮೇಲೆ ಬೇಕು. ಹೆರೆಯುವುದಕ್ಕೆ ಎರಡೂ ಒಂದೇ, ಬೆಸೆಯುವುದಕ್ಕೆ ಎರಡೂ ಬೇರೆ. ಇನ್ನು ಸ್ಪರ್ಧೆಗೆ ಇಳಿಯುವ ಲೇಸರ್, ಆಪ್ಟಿಮಿಸ್ಟ್ ದೋಣಿಗಳು ಫೈಬರ್‌ಗ್ಲಾಸಿನವು. ಅವಕ್ಕೆ ಜೆಲ್‌ಕೋಟ್ (ಫೈಬರ್‌ಗ್ಲಾಸಿನ ಮೇಲಿನ ಗಟ್ಟಿ ಬಣ್ಣದ ಪದರ) ತುಂಬುವುದು, ತಿಕ್ಕುವುದು, ಪಾಲಿಶ್ ಮಾಡುವುದು ಎಲ್ಲ ಸರಿ. ಆ ವಿಧಾನವನ್ನು ಪ್ಲಾಸ್ಟಿಕ್ ದೋಣಿಗೆ ತರಬೇಡಿ, ಈ ವಿಧಾನವನ್ನು ಅಲ್ಲಿಗೆ ಒಯ್ಯಬೇಡಿ.

ಗೊತ್ತಾಗದಿದ್ದರೆ ತಳದ ಯಾವುದಾದರೂ ಮೂಲೆಯಲ್ಲಿ ಉಗುರಿನಷ್ಟು ಸಿಪ್ಪೆ ಹೆರೆದು ನೀರಿಗೆ ಹಾಕಿ. ಗಾಳಿಗುಳ್ಳೆ ಅಂಟಿರದಂತೆ ಬೆರಳಿನಿಂದ ಒಮ್ಮೆ ಮುಳುಗಿಸಿ ಬಿಡಿ. ತೇಲಿದರೆ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್. ಮುಳುಗಿದರೆ ಎಬಿಎಸ್, ಪಿವಿಸಿಯಂಥ ಬೇರೆ ಪ್ಲಾಸ್ಟಿಕ್ ಅಥವಾ ಫೈಬರ್‌ಗ್ಲಾಸ್. ತೇಲಿದ ಸಿಪ್ಪೆಯನ್ನು ಇಕ್ಕಳದಲ್ಲಿ ಹಿಡಿದು, ದೋಣಿಯಿಂದ ದೂರ ಹೋಗಿ ಬೆಂಕಿ ಮುಟ್ಟಿಸಿದರೆ ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ಆಗ ಆರಿಸಿದ ಮೇಣದಬತ್ತಿಯ ವಾಸನೆ ಬಂದರೆ ಪಾಲಿಎಥಿಲೀನ್.

ಈ ಪ್ಲಾಸ್ಟಿಕ್ ಗೀರುವ ಬಗೆ ಅರ್ಥವಾದರೆ ಯಾವ ಸಾಮಾನು ಏಕೆ ಸೋಲುತ್ತದೆ ಎನ್ನುವುದೂ ಅರ್ಥವಾಗುತ್ತದೆ. ಬಣ್ಣ ಬಳಿದ ಕಾರಿನ ಮೇಲೆ ಕಲ್ಲು ಎಳೆದರೆ ಬಣ್ಣ ಪುಡಿಯಾಗಿ ಉದುರುತ್ತದೆ. ಪಾಲಿಎಥಿಲೀನ್ ಉದುರುವುದಿಲ್ಲ, ಮೆತ್ತಗೆ ಸರಿಯುತ್ತದೆ. ಗದ್ದೆಯಲ್ಲಿ ನೇಗಿಲು ಹೋದಂತೆ ನಡುವೆ ಸಾಲು ಬಿದ್ದು, ಎರಡೂ ಬದಿಗೆ ಬದು ಏಳುತ್ತದೆ. ದೂರದಿಂದ ಬೆಳ್ಳಗೆ ಕಾಣುವುದು, ಕೈಗೆ ತರಚುವುದು, ನೀರಿನಲ್ಲಿ ದೋಣಿಯನ್ನು ಹಿಡಿದೆಳೆಯುವುದು ಹೆಚ್ಚಾಗಿ ಈ ಬದುವೇ. ಸಾಲು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಬದುವನ್ನು ಸೀಳಿ ತೆಗೆದರೆ ಗೀರಿನ ಕಾಟ ಬಹುಪಾಲು ಹೋಯಿತು. ತಿಕ್ಕಿದರೆ ಮಾತ್ರ ಬದು ಹೋಗುವುದಿಲ್ಲ. ನಾರು ನಾರಾಗಿ ಬಿಡಿಸಿಕೊಂಡು ತೆಂಗಿನ ಜುಂಗಿನಂತೆ ನಿಲ್ಲುತ್ತದೆ. ಕಣ್ಣಿಗೆ ಕಾಣದ ಜುಂಗನ್ನು ಹುಡುಕಲು ಹತ್ತಿಯ ಉಂಡೆಯೊಂದನ್ನು ಮೂತಿಯಿಂದ ಹಿಂಭಾಗದವರೆಗೆ ಹಗುರಾಗಿ ಸವರಿ. ಹತ್ತಿಯ ಎಳೆ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಕೆಲಸವಿದೆ. ಎಲ್ಲಿ ಸಿಕ್ಕಿಕೊಳ್ಳಲಿಲ್ಲವೋ ಅಲ್ಲಿ ಗೀರು ಕಂಡರೂ ಬಿಟ್ಟುಬಿಡಿ.

ಹೆರೆಯುವ ಉಕ್ಕಿನ ತಗಡು

ಬಡಗಿಗಳು ಮರ ನಯಮಾಡಲು ಬಳಸುವ ಸ್ಕ್ರೇಪರ್ ತಗಡೇ ಇದು. ಬಾಹ್ಕೊ 474 ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ: 150 ಮಿ.ಮೀ. ಉದ್ದ, 62 ಮಿ.ಮೀ. ಅಗಲ, 0.8 ಮಿ.ಮೀ. ದಪ್ಪ. ಎರಡು ಹೆಬ್ಬೆರಳಿನಲ್ಲಿ ಒತ್ತಿದರೆ ತುಸು ಬಾಗುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ. ಅದೇ ಅಳತೆಯ ಬೇರೆ ಕಂಪನಿಯ ತಗಡೂ ನಡೆಯುತ್ತದೆ. ಉಕ್ಕು ಅರಕ್ಕೆ ಸಿಗುವಷ್ಟು ಮೆತ್ತಗಿರಬೇಕು, ಬಾಗಿದರೆ ಹಾಗೆಯೇ ಉಳಿಯುವಷ್ಟು ಮೆತ್ತಗಿರಬಾರದು. ನಮ್ಮಲ್ಲಿ ಬಡಗಿಗಳು ಒಡೆದ ಗಾಜಿನ ಚೂರಿನಿಂದ ಮರ ಹೆರೆಯುವುದುಂಟು. ದೋಣಿಗೆ ಅದು ಬೇಡ. ಗಾಜಿನ ಹರಳು ಮೆತ್ತನೆಯ ಪ್ಲಾಸ್ಟಿಕ್ಕಿನೊಳಗೆ ಹೂತುಕೊಂಡರೆ ಮುಂದಿನ ಸಲ ಸವರಿದ ಕೈ ಕೊಯ್ಯುತ್ತದೆ. ಪೇಪರ್ ಕತ್ತರಿಸುವ ಚಾಕುವಿನ ಅಲಗೂ ಬೇಡ. ಅದರ ಮೂಲೆ ಇಳಿದು ಹೊಸ ಗೀರು ಮಾಡುತ್ತದೆ.

ಅಂಗಡಿಯಿಂದ ತಂದ ತಗಡನ್ನು ಹಾಗೆಯೇ ಬಳಸುವಂತಿಲ್ಲ. ಮೇಜಿಗೆ ಬಿಗಿದ ವೈಸ್‌ನಲ್ಲಿ ನಿಲ್ಲಿಸಿ, ಉದ್ದನೆಯ ಅಂಚಿಗೆ ಸಪಾಟು ಅರವನ್ನು ಲಂಬವಾಗಿ ಐದಾರು ಸಲ ಎಳೆದು ಚೌಕ ಅಂಚು ತನ್ನಿ. ಮರಕ್ಕಾದರೆ ಇದರ ಮೇಲೆ ಉಕ್ಕಿನ ಸರಳು ಒತ್ತಿ ಕೊಕ್ಕೆ ತಿರುಗಿಸುತ್ತಾರೆ. ಪಾಲಿಎಥಿಲೀನಿಗೆ ಆ ಕೊಕ್ಕೆ ಹೆಚ್ಚಾಯಿತು, ಅದು ಆಳಕ್ಕೆ ಕಚ್ಚುತ್ತದೆ. ಅರ ಬಿಟ್ಟುಹೋದ ಸಣ್ಣ ಮೊನೆಯೇ ಸಾಕು. ನಾಲ್ಕೂ ಮೂಲೆಗಳನ್ನು ಎರಡು ಮಿ.ಮೀ.ನಷ್ಟು ದುಂಡಗೆ ಉಜ್ಜುವುದನ್ನು ಮರೆಯಬೇಡಿ. ಹೊಸ ತಗಡಿನಿಂದ ದೋಣಿ ಕೆಡಿಸಿದವರಲ್ಲಿ ಬಹುತೇಕರು ಮೂಲೆ ದುಂಡಗೆ ಮಾಡದವರು.

ಕೆಲಸಕ್ಕೆ ಬೆಳಗಿನ ತಂಪು ಹೊತ್ತು ಒಳ್ಳೆಯದು. ಮಧ್ಯಾಹ್ನದ ಬಿಸಿಲಿನಲ್ಲಿ ದೋಣಿಯ ಮೈ ಕಾದು ಮೆತ್ತಗಾದಾಗ ತಗಡು ಜಾರುವ ಬದಲು ಅಗೆಯುತ್ತದೆ, ಮೈ ಅಲೆ ಅಲೆಯಾಗುತ್ತದೆ. ಮೊದಲು ಸಿಹಿನೀರಿಗೆ ಪಾತ್ರೆ ತೊಳೆಯುವ ದ್ರವ ನಾಲ್ಕು ಹನಿ ಬೆರೆಸಿ, ಮೆತ್ತನೆಯ ಬ್ರಷ್‌ನಿಂದ ಗೀರಿನೊಳಗಿನ ಮರಳು, ಉಪ್ಪು ತೆಗೆಯಿರಿ. ಒಂದೇ ಮರಳಿನ ಕಣ ತಗಡಿನಡಿ ಸಿಕ್ಕಿದರೂ ಉದ್ದಕ್ಕೆ ಸಾಲು ಬೀಳುತ್ತದೆ, ತಗಡಿನ ಅಂಚೂ ಮುರಿಯುತ್ತದೆ. ಒಣಗಿದ ಮೇಲೆ ಐಸೊಪ್ರೊಪಿಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಒರೆಸಿ. ಇಡೀ ತಳಕ್ಕೆ 100 ಮಿ.ಲೀ. ಧಾರಾಳ. ಥಿನ್ನರ್ ಹಾಕಬೇಡಿ. ಪಾಲಿಎಥಿಲೀನಿಗೆ ಅದರಿಂದ ಏನೂ ಲಾಭವಿಲ್ಲ, ಸ್ಟಿಕ್ಕರ್‌ಗಳ ಅಂಟು ಮಾತ್ರ ಕರಗುತ್ತದೆ. ದೋಣಿಯನ್ನು ಮಗುಚಿ ಎರಡು ಹಳೆಯ ಟೈರುಗಳ ಮೇಲೋ ದಪ್ಪ ಫೋಮ್ ಮೇಲೋ ಇಡಿ. ಕಿರಿದಾದ ಮರದ ತುಂಡಿನ ಮೇಲಿಟ್ಟರೆ, ಗೀರು ತೆಗೆಯುವಷ್ಟರಲ್ಲಿ ಇನ್ನೊಂದು ಕಡೆ ತಗ್ಗು ಬಿದ್ದಿರುತ್ತದೆ.

ತಗಡನ್ನು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಿಸಿ, ನೀವು ಎಳೆಯುವ ದಿಕ್ಕಿಗೆ ಹತ್ತು ಹದಿನೈದು ಡಿಗ್ರಿ ವಾಲಿಸಿ, ಗೀರಿನ ಉದ್ದಕ್ಕೇ ಎಳೆಯಿರಿ. ಅಡ್ಡಡ್ಡ ಎಳೆದರೆ ತಗಡು ಸಾಲಿಗೆ ಬಿದ್ದು ಎದ್ದು ನಡುಗುತ್ತದೆ, ಮೈ ಮೇಲೆ ಅಡ್ಡಗೆರೆಗಳು ಮೂಡುತ್ತವೆ. ತಗಡನ್ನು ದಾರಿಗೆ ಸ್ವಲ್ಪ ಓರೆಯಾಗಿ ಹಿಡಿದರೆ ಈ ನಡುಕ ನಿಲ್ಲುತ್ತದೆ. ಸರಿಯಾಗಿ ಹೆರೆಯುತ್ತಿದ್ದರೆ ಪೆನ್ಸಿಲ್ ಕೆತ್ತಿದಾಗ ಬರುವಂಥ ತೆಳು ಸುರುಳಿ ಬರುತ್ತದೆ. ಪುಡಿ ಬಂದರೆ ಅಂಚು ಮೊಂಡಾಗಿದೆ, ಮತ್ತೆ ಅರ ಹಿಡಿಯಿರಿ. ಒಂದು ದೋಣಿಗೆ ನಾಲ್ಕೈದು ಸಲ ಅರ ಹಿಡಿಯಬೇಕಾಗುತ್ತದೆ, ಬೇಸರ ಪಡಬಾರದು. ಸಪಾಟು ಜಾಗದಲ್ಲಿ ತಗಡನ್ನು ಬಾಗಿಸಬೇಡಿ. ಬಾಗಿಸಿದರೆ ನಡುಭಾಗ ಮಾತ್ರ ಕಚ್ಚಿ ಕಾಲುವೆ ತೋಡುತ್ತದೆ. ಮೂತಿಯ ಬಳಿ ಮೈ ಉಬ್ಬಿರುವ ಕಡೆ ಪ್ರತಿ ಎಳೆತಕ್ಕೂ ತಗಡನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಹೊರಳಿಸುತ್ತ ಹೋಗಿ. ಇಲ್ಲದಿದ್ದರೆ ಉಬ್ಬಿನ ಮೇಲೆ ಚಪ್ಪಟೆ ಪಟ್ಟಿ ಕಾಣಿಸಿಕೊಳ್ಳುತ್ತದೆ.

ಎಷ್ಟು ಹೆರೆಯಬೇಕು? ಬದು ಹೋಗುವಷ್ಟು. ಸಾಮಾನ್ಯ ಗೀರಿಗೆ ಐದಾರು ಎಳೆತ. ಸಾಲಿನ ತಳ ಸಿಗುವವರೆಗೆ ಹೆರೆಯುವ ಆಸೆ ಎಲ್ಲರಿಗೂ ಬರುತ್ತದೆ, ಅಲ್ಲೇ ಕೈ ಬಿಗಿಹಿಡಿಯಬೇಕು. ಮೂರು ಪದರದ ದೋಣಿಯಲ್ಲಿ ಹೊರಗಿನ ಗಟ್ಟಿ ಪದರ ಕೆಲವೇ ಮಿ.ಮೀ. ದಪ್ಪ. ಅದನ್ನು ವರ್ಷಕ್ಕೊಮ್ಮೆ ಹೆರೆಯುತ್ತ ಹೋದರೆ ತಳ ತೆಳ್ಳಗಾಗುತ್ತದೆ. ಆಳ ಅಳೆಯಲು ಎಟಿಎಂ ಕಾರ್ಡ್ ಒಳ್ಳೆಯ ಅಳತೆಗೋಲು. ಅದರ ದಪ್ಪ 0.76 ಮಿ.ಮೀ. ಕಾರ್ಡಿನ ಮೂಲೆಯನ್ನು ಸಾಲಿಗೆ ಇಳಿಸಿ ನೋಡಿದರೆ ಅಂದಾಜು ಸಿಗುತ್ತದೆ. ಕಾರ್ಡಿನ ಅರ್ಧ ದಪ್ಪಕ್ಕಿಂತ ಕಡಿಮೆ ಆಳದ್ದಾದರೆ ಹೆರೆದೇ ಪೂರ್ತಿ ಅಳಿಸಬಹುದು. ಎರಡು ಕಾರ್ಡಿನಷ್ಟು ಆಳದವರೆಗೆ ಬದು ತೆಗೆದು ಸಾಲನ್ನು ಬಿಡಿ. ಅದಕ್ಕೂ ಆಳವಾಗಿದ್ದರೆ ರಾಡ್ ಬೇಕು.

ಈ ತಗಡಿಗೆ ನಾವು ಹೇಳುವ ಕೊರತೆ ಒಂದೇ. ಅರ ಹಿಡಿಯಲು ಬಾರದವರಿಗೆ ಮೊದಲ ದಿನ ಇದು ಏನೂ ಮಾಡುವುದಿಲ್ಲ. ಹತ್ತಿರದ ಬಡಗಿಯೊಬ್ಬರ ಬಳಿ ಹತ್ತು ನಿಮಿಷ ಕೂತು ಅಂಚು ಕಟ್ಟುವುದನ್ನು ಕಲಿತು ಬನ್ನಿ. ಬೆಂಗಳೂರಿನಲ್ಲಿ ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ತಗಡು, ಅರ ಎರಡನ್ನೂ ವಿಚಾರಿಸಬಹುದು.

ಹೀಟ್ ಗನ್

ಹೆರೆದ ಜಾಗ ಮಂಕಾಗಿ, ತುಸು ಬೆಳ್ಳಗೆ ಕಾಣುತ್ತದೆ. ಅಲ್ಲಿ ಉಳಿದ ಸಣ್ಣ ಜುಂಗನ್ನು ಮಲಗಿಸಿ, ಬಣ್ಣ ಮರಳಿ ತರುವುದು ಬಿಸಿಗಾಳಿಯ ಕೆಲಸ. ಎಳೆತಕ್ಕೆ ಸಿಕ್ಕಿ ಬೆಳ್ಳಗಾದ ಪ್ಲಾಸ್ಟಿಕ್ಕಿನ ಮೇಲ್ಮೈ ಕರಗುವ ಹಂತಕ್ಕೆ ಬಂದಾಗ ಸಡಿಲಗೊಂಡು ಮತ್ತೆ ಹಳೆಯ ಬಣ್ಣಕ್ಕೆ ತಿರುಗುತ್ತದೆ. ನೋಡುವುದಕ್ಕೆ ಮಾಟದಂತಿರುತ್ತದೆ, ಹಾಗಾಗಿಯೇ ಜನ ಅತಿ ಮಾಡಿ ಕೆಡಿಸುತ್ತಾರೆ.

ಬಾಷ್ ಕಂಪನಿಯ ಎರಡು ಮಾದರಿಗಳನ್ನು ಹೋಲಿಸೋಣ. ಜಿಎಚ್‌ಜಿ 500-2 ಎಂಬುದು 1600 ವ್ಯಾಟಿನದು. ಇದರಲ್ಲಿ 300 ಮತ್ತು 500 ಡಿಗ್ರಿಯ ಎರಡೇ ಹಂತ. ಜಿಎಚ್‌ಜಿ 20-63 ಎಂಬುದು 2000 ವ್ಯಾಟಿನದು, 50ರಿಂದ 630 ಡಿಗ್ರಿಯವರೆಗೆ ಬೇಕಾದ ಬಿಸಿಯನ್ನು ತೆರೆಯಲ್ಲಿ ನೋಡಿ ಹೊಂದಿಸಬಹುದು. ಜುಂಗು ಮಲಗಿಸುವುದಷ್ಟೇ ಕೆಲಸವಾದರೆ ಅಗ್ಗದ ಮೊದಲನೆಯದರ 300 ಡಿಗ್ರಿ ಹಂತ ಸಾಕು. ರಾಡ್ ಬೆಸೆಯುವ ಯೋಚನೆ ಇದ್ದರೆ ಎರಡನೆಯದನ್ನೇ ಕೊಳ್ಳಿ. ಬೆಸೆಯುವಾಗ ಇಪ್ಪತ್ತು ಡಿಗ್ರಿ ಹೆಚ್ಚುಕಡಿಮೆ ಮಾಡುವ ಅನುಕೂಲಕ್ಕೆ ಬೆಲೆ ಇದೆ. ಬಿಸಿ ಹೊಂದಿಸಲಾಗದ, ಒಂದೇ ಗುಂಡಿಯ ಅಗ್ಗದ ಗನ್‌ಗಳು ಪೇಂಟ್ ಸುಲಿಯಲು ಸರಿ, ದೋಣಿಗೆ ಬೇಡ. ಕೂದಲು ಒಣಗಿಸುವ ಡ್ರೈಯರ್‌ಗೆ ಪ್ಲಾಸ್ಟಿಕ್ ಕರಗಿಸುವ ಶಕ್ತಿ ಇಲ್ಲ. ಆದರೆ ಟ್ರಾಲಿಯ ಮೇಲೆ ಕೂತು ಬಿದ್ದ ತಗ್ಗನ್ನು ಎಬ್ಬಿಸಲು ಅದು, ಇಲ್ಲವೇ ಕುದಿನೀರು, ಸಾಕಾಗುತ್ತದೆ.

ಗನ್ ಹಚ್ಚುವ ಮೊದಲು ಹಿಂಭಾಗದ ನೀರು ಬಿಡುವ ಬಿರಡೆಯನ್ನು ಬಿಚ್ಚಿಡಿ. ತಪಾಸಣೆಯ ಮುಚ್ಚಳವಿದ್ದರೆ ಅದನ್ನೂ ತೆಗೆಯಿರಿ. ಈ ದೋಣಿಗಳ ಒಡಲು ಮುಚ್ಚಿದ ಗಾಳಿಪೆಟ್ಟಿಗೆ. ಒಳಗಿನ ಗಾಳಿ ಕಾದು ಹಿಗ್ಗಿದರೆ, ಬಿಸಿಯಿಂದ ಮೆತ್ತಗಾದ ಜಾಗವೇ ಬಲೂನಿನಂತೆ ಉಬ್ಬುತ್ತದೆ. ಆರಿದ ಮೇಲೆ ಆ ಉಬ್ಬು ಹಾಗೆಯೇ ಉಳಿಯುತ್ತದೆ. ಕೆಳಗೆ ಒಣಹುಲ್ಲು, ಕಾಗದ, ಆಲ್ಕೊಹಾಲ್ ಒರೆಸಿದ ಬಟ್ಟೆ ಇರಬಾರದು.

ಗನ್ನಿನ ಮೂತಿಯನ್ನು ಮೈಯಿಂದ ಎಂಟು ಹತ್ತು ಸೆಂ.ಮೀ. ದೂರ ಹಿಡಿದು, ಅಂಗೈಯಗಲ ಜಾಗದ ಮೇಲೆ ನಿಲ್ಲದಂತೆ ಆಡಿಸಿ. ಮೊದಲಿಗೆ ಏನೂ ಆಗದಂತೆ ಕಾಣುತ್ತದೆ. ಆಮೇಲೆ ಜುಂಗು ತಾನೇ ಸುರುಟಿಕೊಳ್ಳುತ್ತದೆ, ಮಂಕು ಮೈಯಲ್ಲಿ ಎಣ್ಣೆ ಸವರಿದಂಥ ಹೊಳಪು ಓಡುತ್ತದೆ. ಆ ಹೊಳಪು ಕಂಡ ಕ್ಷಣ ಮುಂದಿನ ಜಾಗಕ್ಕೆ ಹೋಗಿ. ಇನ್ನೊಂದು ಸಲ ಎಂದು ಅಲ್ಲೇ ನಿಲ್ಲಿಸಿದರೆ ಹೊರಪದರದ ಬಿಸಿ ಒಳಗಿನ ನೊರೆಗೆ ಇಳಿದು ಅದು ಕುಸಿಯುತ್ತದೆ, ಗೀರಿದ್ದ ಕಡೆ ಗುಳಿ ಬೀಳುತ್ತದೆ. ಆ ಗುಳಿಗೆ ಸುಲಭದ ಪರಿಹಾರವಿಲ್ಲ. ಹೊಗೆ ಕಂಡಿತೆಂದರೆ ಪ್ಲಾಸ್ಟಿಕ್ ಸುಡುತ್ತಿದೆ ಎಂದೇ ಅರ್ಥ. ಒಮ್ಮೆ ಬಿಸಿ ಮಾಡಿದ ಜಾಗ ಕೈ ಇಡುವಷ್ಟು ಆರುವವರೆಗೆ ಮತ್ತೆ ಅದಕ್ಕೆ ಬಿಸಿ ಕೊಡಬೇಡಿ.

ಎತ್ತರ ತಗ್ಗು ಉಳಿದಿದ್ದರೆ ಹೊಳಪು ಬಂದ ಕೂಡಲೇ ತಣ್ಣೀರಿನಲ್ಲಿ ಅದ್ದಿದ ಸ್ಟೀಲ್ ಚಮಚದ ಬೆನ್ನಿನಿಂದ ಒತ್ತಿ ಸವರಬಹುದು. ಚಮಚ ತಣ್ಣಗೆ ಒದ್ದೆಯಾಗಿದ್ದರೆ ಜಾರುತ್ತದೆ, ಬಿಸಿಯಾದರೆ ಅಂಟಿಕೊಂಡು ಪ್ಲಾಸ್ಟಿಕ್ಕನ್ನು ಎಳೆದುಕೊಂಡು ಬರುತ್ತದೆ. ಎರಡು ಚಮಚ ಇಟ್ಟುಕೊಂಡು ಸರದಿಯಲ್ಲಿ ಅದ್ದುವುದು ವಾಸಿ. ಸ್ಟಿಕ್ಕರ್, ದೋಣಿಯ ಸಂಖ್ಯೆ ಇರುವ ಕಡೆಗೆ ಒದ್ದೆ ಬಟ್ಟೆ ಮುಚ್ಚಿರಲಿ.

ರಾಡ್, ಮತ್ತು ರಾಡ್ ಎಂದು ಜನ ನಂಬುವ ಸಾಮಾನು

ಕಾಂಕ್ರೀಟ್ ಇಳಿಜಾರಿನಲ್ಲಿ ದೋಣಿಯನ್ನು ಎಳೆದಾಗ ಮೊದಲು ಸವೆಯುವುದು ತಳದ ಹಿಂತುದಿ, ಮೂತಿಯ ಕೆಳಭಾಗ, ಸೆಂಟರ್‌ಬೋರ್ಡ್ (ತಳದಿಂದ ನೀರಿಗೆ ಇಳಿಬಿಡುವ ಹಲಗೆ) ಸೀಳಿನ ಅಂಚು. ಇಲ್ಲಿ ಬಿದ್ದ ಆಳದ ಗೀರಿಗೆ ಹೊಸ ಪ್ಲಾಸ್ಟಿಕ್ ತುಂಬಲೇಬೇಕು. ತುಂಬುವ ಪ್ಲಾಸ್ಟಿಕ್ ದೋಣಿಯದ್ದೇ ಜಾತಿಯದಾಗಿರಬೇಕು. ಪಾಲಿಎಥಿಲೀನ್ ದೋಣಿಗೆ ಪಾಲಿಎಥಿಲೀನ್ ರಾಡ್, ಟಾಪರಿಗೆ ಪಾಲಿಪ್ರೊಪಿಲೀನ್ ರಾಡ್. ಒಂದಕ್ಕೊಂದು ಕರಗಿ ಮೆತ್ತಿಕೊಂಡಂತೆ ಕಂಡರೂ ಆರಿದ ಮೇಲೆ ಹಕ್ಕಳೆಯಂತೆ ಏಳುತ್ತವೆ. ಕೊಂಡ ರಾಡನ್ನು ನಂಬುವ ಮೊದಲು ಪರೀಕ್ಷಿಸಿ. ಕಣ್ಣಿಗೆ ಬೀಳದ ಕಡೆ ಉಗುರಗಲ ಹೆರೆದು, ರಾಡಿನ ತುದಿಯನ್ನೂ ಆ ಜಾಗವನ್ನೂ ಒಟ್ಟಿಗೆ ಕಾಯಿಸಿ ಒತ್ತಿ. ಪೂರ್ತಿ ಆರಿದ ಮೇಲೆ ಇಕ್ಕಳದಿಂದ ಕೀಳಿ. ಚೊಕ್ಕವಾಗಿ ಕಿತ್ತುಬಂದರೆ ರಾಡ್ ಬೇರೆ ಜಾತಿ. ಎಳೆಯಾಗಿ ಹಿಗ್ಗಿ ಹರಿದರೆ ಸರಿಯಾದದ್ದು. ಬಿರುಸಾದ ಎಚ್‌ಡಿಪಿಇ (ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್) ರಾಡ್‌ಗಿಂತ, ಅಚ್ಚಿನಲ್ಲಿ ತಿರುಗಿಸಿ ಮಾಡುವ ಸಾಮಾನಿಗೆ ಬಳಸುವ ಮೆದು ಜಾತಿಯ ರಾಡ್ ಚೆನ್ನಾಗಿ ಬೆರೆಯುತ್ತದೆ. ನೀರಿನ ಟ್ಯಾಂಕ್ ರಿಪೇರಿ ಮಾಡುವವರನ್ನು ಕೇಳಿದರೆ ಇದು ಸಿಗುವ ಸಂಭವ ಹೆಚ್ಚು. ನಾಲ್ಕು ಮಿ.ಮೀ. ದಪ್ಪದ್ದು ಎರಡು ಮೀಟರ್ ತಂದರೆ ಒಂದು ದೋಣಿಗೆ ಸಾಕು. ಬಣ್ಣ ಹೊಂದಬೇಕೆಂಬ ಆಸೆ ಇದ್ದರೆ ಹೆರೆದಾಗ ಬಂದ ಸುರುಳಿಗಳನ್ನು ಎಸೆಯದೆ ಡಬ್ಬಿಯಲ್ಲಿ ಇಡಿ. ಅಂಗೈಯಗಲದ ರಿಪೇರಿಗೆ ಅದಕ್ಕಿಂತ ಒಳ್ಳೆಯ ಬಣ್ಣ ಇನ್ನೊಂದಿಲ್ಲ.

ಬೆಸೆಯುವಾಗ ಸೋಲಿಗೆ ಕಾರಣ ಹೆಚ್ಚಾಗಿ ಎರಡು. ಬಿಸಿಲಿಗೆ ಹಳತಾದ ಮೇಲ್ಪದರವನ್ನು ಹೆರೆಯದೆ ಅದರ ಮೇಲೇ ತುಂಬುವುದು ಒಂದು. ಆ ಪದರ ಕೆಟ್ಟು ಸೀಮೆಸುಣ್ಣದಂತಾಗಿರುತ್ತದೆ, ಯಾವುದೂ ಅದಕ್ಕೆ ಬೆರೆಯುವುದಿಲ್ಲ. ರಾಡನ್ನು ಮಾತ್ರ ಕರಗಿಸಿ ತಣ್ಣನೆಯ ತಳದ ಮೇಲೆ ತೊಟ್ಟಿಕ್ಕಿಸುವುದು ಇನ್ನೊಂದು. ತಳವೂ ರಾಡೂ ಒಂದೇ ಹೊತ್ತಿಗೆ ಹೊಳೆಯಬೇಕು. ಸಾಲನ್ನು ತಗಡಿನ ಮೂಲೆಯಿಂದ ಹೊಸ ಪ್ಲಾಸ್ಟಿಕ್ ಕಾಣುವವರೆಗೆ ತೆರೆದು, ಗನ್ನಿಗೆ ಕಿರಿದಾದ ಮೂತಿ ಹಾಕಿ, 270ರಿಂದ 300 ಡಿಗ್ರಿಗೆ ಹೊಂದಿಸಿ. ರಾಡನ್ನು ಲಂಬವಾಗಿ ಹಿಡಿದು, ಗನ್ನನ್ನು ತಳ ಮತ್ತು ರಾಡಿನ ನಡುವೆ ಆಡಿಸುತ್ತ, ಮೆತ್ತಗಾದ ರಾಡ್ ತನ್ನ ಒತ್ತಡಕ್ಕೆ ತಾನೇ ಬಾಗಿ ಸಾಲಿನಲ್ಲಿ ಮಲಗುವಷ್ಟು ಬಲ ಕೊಡಿ. ಎರಡೂ ಬದಿಗೆ ಸಣ್ಣ ದಡ ಎದ್ದರೆ ಬೆಸುಗೆ ಕೂತಿದೆ. ಮೇಲೆ ತುಸು ಉಬ್ಬಿರಲಿ. ನೀರು ಹಾಕಿ ಆರಿಸಬೇಡಿ. ಬೇಗ ಆರಿದರೆ ಹೊಸ ಪ್ಲಾಸ್ಟಿಕ್ ಬೇಗ ಕುಗ್ಗಿ ಅಂಚಿನಲ್ಲಿ ಬಿರುಕು ಬಿಡುತ್ತದೆ. ಒಂದು ಗಂಟೆ ಬಿಟ್ಟು, ಪೂರ್ತಿ ತಣ್ಣಗಾದ ಮೇಲೆ ಉಬ್ಬನ್ನು ತಗಡಿನಿಂದ ಮಟ್ಟ ಮಾಡಿ.

ಹಿಂದೆ ಮನೆಗಳಲ್ಲಿ ಸೀಳಿದ ಪ್ಲಾಸ್ಟಿಕ್ ಕೊಡಕ್ಕೆ ಕಾಯಿಸಿದ ಕಬ್ಬಿಣ ಒತ್ತಿ ಮುಚ್ಚುತ್ತಿದ್ದರಲ್ಲ, ಸಾಲ್ಡರಿಂಗ್ ಐರನ್ನಿನಿಂದ ಮಾಡುವುದೂ ಅದನ್ನೇ. ಸಣ್ಣ ಚುಕ್ಕೆಗೆ ನಡೆಯುತ್ತದೆ. ಉದ್ದನೆಯ ಸಾಲಿಗೆ ಅದರ ಬಿಸಿ ಒಂದೇ ಕಡೆ ನಿಂತು ಕಪ್ಪಾಗುತ್ತದೆ.

ಗ್ಲೂ ಗನ್ನಿನ ಕಡ್ಡಿ ರಾಡ್ ಅಲ್ಲ. ಅದು ಮೆದು ಅಂಟು, ಮೊದಲ ಕಲ್ಲಿಗೇ ಪಟ್ಟಿಯಾಗಿ ಏಳುತ್ತದೆ. ಎಂ-ಸೀಲ್, ಫೆವಿಕ್ವಿಕ್, ಸಾಮಾನ್ಯ ಅರಾಲ್ಡೈಟ್ ಇವು ತಮ್ಮ ತಮ್ಮ ಕೆಲಸಕ್ಕೆ ಒಳ್ಳೆಯವೇ, ಪಾಲಿಎಥಿಲೀನಿಗೆ ಮಾತ್ರ ಹಿಡಿಯುವುದಿಲ್ಲ. ಮೇಣದಂಥ ಈ ಮೈ ಅಂಟನ್ನು ಹರಡಿಕೊಳ್ಳಲು ಬಿಡುವುದಿಲ್ಲ, ಕೆಸುವಿನೆಲೆಯ ಮೇಲಿನ ನೀರಿನ ಹಾಗೆ.

ಬಿರುಕು ಬಿಟ್ಟಿದ್ದರೆ ಅದು ಗೀರಿನ ಲೆಕ್ಕಕ್ಕೆ ಬರುವುದಿಲ್ಲ. ಬಿರುಕಿನ ಎರಡೂ ತುದಿಗೆ ಮೂರು ನಾಲ್ಕು ಮಿ.ಮೀ. ತೂತು ಕೊರೆದು ಮುಂದೆ ಓಡದಂತೆ ತಡೆಯಿರಿ, ಆಮೇಲೆ ಬಲ್ಲವರಲ್ಲಿಗೆ ಒಯ್ಯಿರಿ. ಹಾಯಿ ಕಟ್ಟುವ ಕೂವೆಕಂಬ ಕೂರುವ ಗುಂಡಿಯ ಬಳಿ, ಚುಕ್ಕಾಣಿ ಸಿಕ್ಕಿಸುವ ಕಡೆ ಬಿರುಕು ಕಂಡರೆ ಮನೆಯಲ್ಲಿ ಬೆಸೆದು ನೀರಿಗಿಳಿಸಬೇಡಿ.

ವಾಟರ್ ಪೇಪರ್ ಮತ್ತು ಪಾಲಿಶ್

ವಾಟರ್ ಪೇಪರ್ ಪೂರ್ತಿ ವ್ಯರ್ಥವಲ್ಲ, ಆದರೆ ಅದನ್ನು ಬಳಸುವ ಸರದಿ ತಪ್ಪುತ್ತಾರೆ. ಹೆರೆದ ಮೇಲೆ ಉಳಿದ ಏರಿಳಿತಕ್ಕೆ, ಬಿಸಿ ಕೊಡುವ ಮೊದಲು ಮಾತ್ರ ಅದರ ಕೆಲಸ. 400 ನಂಬರಿನ ಎರಡು ಹಾಳೆ ಸಾಕು. ಜಾನ್ ಓಕಿಯದೋ 3ಎಂನದೋ ಯಾವುದಾದರೂ ಆಗುತ್ತದೆ. ರಬ್ಬರ್ ತುಂಡಿಗೆ ಸುತ್ತಿ, ಧಾರಾಳ ನೀರು ಹಾಕಿ, ಮೂತಿಯಿಂದ ಹಿಂದಕ್ಕೆ ಒಂದೇ ದಿಕ್ಕಿನಲ್ಲಿ ತಿಕ್ಕಿ. ಒಣಗಿದ್ದಾಗ ತಿಕ್ಕಿದರೆ ಉಜ್ಜಿದ ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಹಾಳೆಯ ಹರಳುಗಳ ನಡುವೆ ತುಂಬಿಕೊಳ್ಳುತ್ತದೆ. ಎರಡು ನಿಮಿಷಕ್ಕೆ ಹಾಳೆ ಸತ್ತಿರುತ್ತದೆ, ದೋಣಿಯ ಮೈಗೆ ಕಂಬಳಿಯಂಥ ಜುಂಗು ಎದ್ದಿರುತ್ತದೆ. ತಿರುಗುವ ಯಂತ್ರಕ್ಕೆ ಹಾಳೆ ಕಟ್ಟಿ ತಿಕ್ಕುವುದಂತೂ ಬೇಡವೇ ಬೇಡ. 800, 1000, 1500 ಎಂದು ಮೇಲೇರುವುದು ಜೆಲ್‌ಕೋಟಿನ ಪಾಠ. ಪಾಲಿಎಥಿಲೀನ್ ನಯವಾದ ಹಾಳೆಗೆ ಹೊಳೆಯುವುದಿಲ್ಲ, ಹೊಳಪು ಬರುವುದು ಬಿಸಿಗಾಳಿಯಿಂದ.

ರಬ್ಬಿಂಗ್ ಕಾಂಪೌಂಡ್, ಪಾಲಿಶ್, ಮೇಣ ಯಾವುದನ್ನೂ ಈ ಕೆಲಸಕ್ಕೆ ಕೊಳ್ಳಬೇಡಿ. ಬಣ್ಣದಂಥ ಗಟ್ಟಿ ಪದರವನ್ನು ಕೂದಲಿಗಿಂತ ತೆಳುವಾಗಿ ಸವೆಸಿ ಹೊಳಪು ತರುವ ಸಾಮಾನು ಅದು. ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ಅದರ ಹರಳು ಹೂತುಕೊಳ್ಳುತ್ತದೆ, ಬಿಳಿ ಪೇಸ್ಟು ಸಾಲಿನೊಳಗೆ ಕೂತು ಗೀರನ್ನು ಇನ್ನಷ್ಟು ಎದ್ದು ಕಾಣಿಸುತ್ತದೆ. ಸಿಲಿಕೋನ್ ಇರುವ ಪಾಲಿಶ್‌ನ ಕಾಟ ಇದಕ್ಕಿಂತ ಕೆಟ್ಟದ್ದು. ಒಂದು ವಾರ ಹೊಳೆಯುತ್ತದೆ, ಆಮೇಲೆ ಆ ಜಾಗಕ್ಕೆ ರಾಡ್ ಬೆಸೆಯಲು ಹೋದರೆ ಹಿಡಿಯುವುದಿಲ್ಲ. ಮೊದಲೇ ಹಚ್ಚಿಬಿಟ್ಟಿದ್ದರೆ ಸೋಪಿನಿಂದ ತೊಳೆದು, ಆಲ್ಕೊಹಾಲಿನಲ್ಲಿ ಎರಡು ಸಲ ಬೇರೆ ಬೇರೆ ಬಟ್ಟೆಯಿಂದ ಒರೆಸಿ, ಆಮೇಲೆ ಹೆರೆಯಿರಿ.

ಎಪಾಕ್ಸಿ ಹಾಕಲೇಬೇಕೆಂದರೆ

ಪಾಲಿಎಥಿಲೀನಿಗೂ ಹಿಡಿಯುವಂತೆ ಮಾಡಿದ ಎಪಾಕ್ಸಿ ಒಂದಿದೆ, ವೆಸ್ಟ್ ಸಿಸ್ಟಮ್‌ನ ಜಿ-ಫ್ಲೆಕ್ಸ್ 650. ರಾಳ ಮತ್ತು ಗಟ್ಟಿಕಾರಕ ಸಮಸಮ ಅಳತೆ. ಗಟ್ಟಿಯಾದ ಮೇಲೂ ತುಸು ಬಾಗುತ್ತದೆ, ಪ್ಲಾಸ್ಟಿಕ್ ದೋಣಿಗೆ ಒಗ್ಗುವುದು ಆ ಗುಣದಿಂದಲೇ. 22 ಡಿಗ್ರಿ ಹವೆಯಲ್ಲಿ ಕಲಸಿದ ಮೇಲೆ ಬಟ್ಟಲಲ್ಲಿ 46 ನಿಮಿಷ ಉಳಿಯುತ್ತದೆ. ಕರಾವಳಿಯ ಸೆಕೆಯಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ, ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳಿ. ಹೊರೆ ಹಾಕಲು 24 ಗಂಟೆ ಕಾಯಬೇಕು.

ಇದರ ಗುಟ್ಟಿರುವುದು ಡಬ್ಬಿಯಲ್ಲಲ್ಲ, ಬೆಂಕಿಯಲ್ಲಿ. ಹೆರೆದು ಒರೆಸಿದ ಜಾಗದ ಮೇಲೆ ಪ್ರೊಪೇನ್ ಟಾರ್ಚಿನ ಜ್ವಾಲೆಯ ತುದಿಯನ್ನು ಮುಟ್ಟಿಯೂ ಮುಟ್ಟದಂತೆ, ಸೆಕೆಂಡಿಗೆ ಒಂದಡಿಯಷ್ಟು ವೇಗದಲ್ಲಿ ಓಡಿಸಬೇಕು. ಮೈ ಕರಗಬಾರದು, ಬಣ್ಣ ಬದಲಾಗಬಾರದು. ಜ್ವಾಲೆ ತಗುಲಿದ ಮೇಲ್ಮೈ ಆಮ್ಲಜನಕದೊಂದಿಗೆ ಸೇರಿ ಅಂಟಿಗೆ ಒಲಿಯುತ್ತದೆ. ಆಗಿದೆಯೋ ಇಲ್ಲವೋ ನೋಡಲು ಪಕ್ಕದಲ್ಲಿ ಹೀಗೆಯೇ ಮಾಡಿದ ಚೂರೊಂದರ ಮೇಲೆ ನೀರು ಹನಿಸಿ. ಮಣಿಯಾಗಿ ನಿಂತರೆ ಆಗಿಲ್ಲ, ಹರಡಿಕೊಂಡರೆ ಆಗಿದೆ. ಅರ್ಧ ಗಂಟೆಯೊಳಗೆ ಎಪಾಕ್ಸಿ ಹಚ್ಚಿ. ಬೆಲೆ, ತೊಡಕು ಎರಡನ್ನೂ ನೋಡಿದರೆ ಬರೀ ಗೀರಿಗೆ ಇದನ್ನು ಕೊಳ್ಳುವುದು ಬೇಡ. ತಳದ ಹಿಂತುದಿಗೆ ಸವೆತದ ಪಟ್ಟಿ ಕೂರಿಸುವವರಿಗೆ ಮಾತ್ರ ಇದು ದುಡ್ಡಿಗೆ ತಕ್ಕ ಸಾಮಾನು.

ಬಿಸಿಲಿನ ಸ್ಪ್ರೇ

303 ಪ್ರೊಟೆಕ್ಟಂಟ್ ಗೀರು ತೆಗೆಯುವುದಿಲ್ಲ, ಹಾಗೆಂದು ಅದು ಹೇಳಿಕೊಳ್ಳುವುದೂ ಇಲ್ಲ. ಹೆರೆದಾಗ ಹೊರಬಂದ ಹೊಸ ಮೈಯನ್ನು ಬಿಸಿಲಿನಿಂದ ಕಾಯುವುದಕ್ಕೆ ಒಳ್ಳೆಯದು. ಆದರೆ ಅದನ್ನು ಎಲ್ಲ ರಿಪೇರಿ ಮುಗಿದ ಮೇಲೆಯೇ ಹಚ್ಚಬೇಕು, ಒಂದೂವರೆ ತಿಂಗಳೊಳಗೆ ಮತ್ತೆ ಹಚ್ಚುತ್ತಿರಬೇಕು. ದಪ್ಪ ಬಟ್ಟೆಯ ಮುಸುಕು ಹೊದಿಸಿಡುವವರಿಗೆ ಇದರ ಅಗತ್ಯ ಕಡಿಮೆ. ಎರಡರಲ್ಲಿ ಒಂದನ್ನೇ ಕೊಳ್ಳುವ ಶಕ್ತಿ ಇದ್ದರೆ ಮುಸುಕನ್ನೇ ಕೊಳ್ಳಿ.

ಸ್ಪರ್ಧೆಗೆ ಇಳಿಯುವ ಮಕ್ಕಳ ದೋಣಿಯಾದರೆ ಇನ್ನೊಂದು ವಿಷಯ ನೋಡಬೇಕು. ಟಾಪರ್, ಫೀವಾದಂಥ ವರ್ಗಗಳಲ್ಲಿ ಎಲ್ಲ ದೋಣಿಯೂ ಒಂದೇ ಆಕಾರದಲ್ಲಿರಬೇಕು ಎಂಬುದೇ ಆಟದ ಆಧಾರ. ಗೀರು ಸರಿಮಾಡುವ ನೆಪದಲ್ಲಿ ತಳದ ಆಕಾರ ಬದಲಿಸುವಂತಿಲ್ಲ. ಹಾಯಿದೋಣಿ ಸ್ಪರ್ಧೆಯ 53ನೇ ನಿಯಮದಂತೆ ನೀರಿನ ಹರಿವನ್ನು ಸುಧಾರಿಸುವ ವಿಶೇಷ ಗೆರೆಮೈ ಮಾಡುವುದೂ ನಿಷಿದ್ಧ. ಬದು ತೆಗೆದು ಜುಂಗು ಮಲಗಿಸುವುದು ರಿಪೇರಿ, ತಳದ ಅಂಚನ್ನು ಚೂಪು ಮಾಡುವುದು ರಿಪೇರಿಯಲ್ಲ. ಕೆಲಸ ಶುರುಮಾಡುವ ಮೊದಲು ಆ ವರ್ಗದ ಈ ವರ್ಷದ ನಿಯಮ ಓದಿ, ಗೀರಿನ ಪಕ್ಕ ಅಳತೆಪಟ್ಟಿ ಇಟ್ಟು ಫೋಟೊ ತೆಗೆದಿಡಿ. ಅಳತೆಗಾರರು ಕೇಳಿದರೆ ತೋರಿಸಲು ಬೇಕಾಗುತ್ತದೆ.